ಫೋನಿನ ನೀಲಿ ಚುಕ್ಕೆ: ಬಿಲ್ ಬಾರದ ಸೇವೆಯೊಂದರ ವಿಮರ್ಶೆ

ನಾನು ದಿನವೂ ಬಳಸುವ ಸೇವೆಗಳಲ್ಲಿ ಒಂದಕ್ಕೆ ಮಾತ್ರ ಈವರೆಗೆ ಹಣ ಕಟ್ಟಿಲ್ಲ, ಯಾವ ಅರ್ಜಿಗೂ ಸಹಿ ಹಾಕಿಲ್ಲ, ಅದನ್ನು ಒದಗಿಸುವವರ ಕಚೇರಿಯ ಮೆಟ್ಟಿಲನ್ನೂ ಹತ್ತಿಲ್ಲ. ಫೋನಿನ ನಕ್ಷೆಯಲ್ಲಿ ನಾನಿರುವ ಜಾಗವನ್ನು ತೋರಿಸುವ ನೀಲಿ ಚುಕ್ಕೆಯ ಹಿಂದಿರುವ ಉಪಗ್ರಹ ಸೇವೆ ಅದು. ನಕ್ಷೆಯ ಆ್ಯಪ್‌ಗಳನ್ನು ವಿಮರ್ಶಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಆ ಆ್ಯಪ್‌ಗಳಿಗೆ ಸ್ಥಳವನ್ನು ಹೇಳಿಕೊಡುವ ಮೂಲ ಸೇವೆಯನ್ನು ತೂಗಿ ನೋಡುವವರು ವಿರಳ. ಆ ಕೆಲಸಕ್ಕೆ ಕೈಹಾಕಿದ ಮೇಲೆ, ಇದರ ಗುಣಮಟ್ಟದ ಬಗ್ಗೆ ಬರೆಯಹೊರಟರೆ ಅರ್ಧಕ್ಕಿಂತ ಹೆಚ್ಚು ಪಾಲು ಸರ್ಕಾರಗಳ ತೀರ್ಮಾನಗಳ ಬಗ್ಗೆಯೇ ಬರೆಯಬೇಕಾಗುತ್ತದೆ ಎಂಬುದು ಅರಿವಿಗೆ ಬಂತು.

ಮೊದಲು ಸೇವೆಯ ಕೆಲಸವನ್ನೇ ನೋಡೋಣ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಮ್ಮ ಪರಮಾಣು ಗಡಿಯಾರದ ಸಮಯವನ್ನು ನಿರಂತರವಾಗಿ ಬಿತ್ತರಿಸುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಫೋನು ತಾನಿರುವ ಜಾಗವನ್ನೂ ಸರಿಯಾದ ಸಮಯವನ್ನೂ ಲೆಕ್ಕ ಹಾಕಿಕೊಳ್ಳುತ್ತದೆ. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಸಮಯ ತಪ್ಪಿದರೂ ದೂರದ ಲೆಕ್ಕದಲ್ಲಿ 30 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಇಷ್ಟು ನಾಜೂಕಾದ ಏರ್ಪಾಡು ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನಿನಲ್ಲಿ ಸುಮಾರು 5 ಮೀಟರ್ ನಿಖರತೆ ಕೊಡುತ್ತದೆ. ಎತ್ತರದ ಕಟ್ಟಡಗಳ ನಡುವೆ ಚುಕ್ಕೆ ಒಮ್ಮೊಮ್ಮೆ ಪಕ್ಕದ ರಸ್ತೆಗೆ ಜಿಗಿಯುವುದುಂಟು. ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ಆಗುವ ಆ ದೋಷವನ್ನು ನಾನು ದೊಡ್ಡದು ಮಾಡುವುದಿಲ್ಲ. ಕೆಲಸದ ಮಟ್ಟಿಗೆ ಪೂರ್ಣ ಅಂಕ.

ಆದರೆ ಈ 5 ಮೀಟರ್ ಎಂಬುದು ಹೇಗೆ ಬಂತು? ಜಿಪಿಎಸ್ ಅಮೆರಿಕದ ರಕ್ಷಣಾ ಇಲಾಖೆಯ ಯೋಜನೆ. ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. 1983ರ ಸೆಪ್ಟೆಂಬರ್ 1ರಂದು ಕೊರಿಯನ್ ಏರ್‌ಲೈನ್ಸ್‌ನ 007ನೇ ವಿಮಾನ ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶದೊಳಗೆ ಹೋಗಿ, ಅಲ್ಲಿನ ಯುದ್ಧವಿಮಾನದ ದಾಳಿಗೆ ತುತ್ತಾಗಿ 269 ಮಂದಿ ಸತ್ತರು. ಇದಾಗಿ ಕೆಲವೇ ದಿನಗಳಲ್ಲಿ ರೇಗನ್ ಸರ್ಕಾರ, ವ್ಯವಸ್ಥೆ ಸಿದ್ಧವಾದ ಮೇಲೆ ಅದನ್ನು ನಾಗರಿಕರ ಬಳಕೆಗೆ ಉಚಿತವಾಗಿ ಬಿಟ್ಟುಕೊಡುವುದಾಗಿ ಘೋಷಿಸಿತು. ಕೊಟ್ಟ ಮಾತು ಉಳಿಯಿತಾದರೂ ಕೊಟ್ಟ ವಸ್ತು ಕಲಬೆರಕೆಯದಾಗಿತ್ತು: ಸೇನೆಗೆ ಶುದ್ಧ ಸಂಕೇತ, ಉಳಿದವರಿಗೆ ಬೇಕೆಂದೇ ದೋಷ ಬೆರೆಸಿದ ಸಂಕೇತ. ಇದರಿಂದ ಜನಸಾಮಾನ್ಯರಿಗೆ ಸಿಗುತ್ತಿದ್ದ ಸ್ಥಾನ ನೂರು ಮೀಟರ್‌ವರೆಗೂ ತಪ್ಪಬಹುದಿತ್ತು. ಅಷ್ಟು ತಪ್ಪಿದರೆ ಯಾವ ತಿರುವಿನಲ್ಲಿ ತಿರುಗಬೇಕೆಂದು ಹೇಳುವ ಆ್ಯಪ್ ಹುಟ್ಟುವುದೇ ಸಾಧ್ಯವಿರಲಿಲ್ಲ. 2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಈ ಕಲಬೆರಕೆಯನ್ನು ನಿಲ್ಲಿಸುವ ಆದೇಶ ಪ್ರಕಟಿಸಿದರು. ಆ ರಾತ್ರಿ ಹೊಸ ಉಪಗ್ರಹವೊಂದೂ ಹಾರಲಿಲ್ಲ, ಯಾರೂ ಹೊಸ ಉಪಕರಣ ಕೊಳ್ಳಲಿಲ್ಲ, ಆದರೂ ಬೆಳಗಾಗುವಷ್ಟರಲ್ಲಿ ಜಗತ್ತಿನಾದ್ಯಂತ ಇದ್ದ ಹಳೆಯ ಉಪಕರಣಗಳೆಲ್ಲ ಹಲವು ಪಟ್ಟು ನಿಖರವಾಗಿದ್ದವು. ಒಂದು ಆಡಳಿತ ನಿರ್ಧಾರ ಕೋಟ್ಯಂತರ ಬಳಕೆದಾರರ ಸೇವೆಯ ದರ್ಜೆಯನ್ನು ರಾತ್ರೋರಾತ್ರಿ ಏರಿಸಬಲ್ಲದಾದರೆ ಇಳಿಸಲೂ ಬಲ್ಲದು ಎಂಬುದನ್ನು ಉಳಿದ ದೇಶಗಳು ಅರ್ಥಮಾಡಿಕೊಳ್ಳದೆ ಇರಲಿಲ್ಲ.

ಹಾಗಾಗಿಯೇ ಇಂದು ನನ್ನ ಫೋನಿನ ಚಿಪ್ಪು ಒಂದನ್ನೇ ನಂಬಿ ಕೂತಿಲ್ಲ. ರಷ್ಯಾದ ಗ್ಲೋನಾಸ್, ಐರೋಪ್ಯ ಒಕ್ಕೂಟದ ಗೆಲಿಲಿಯೊ, ಚೀನಾದ ಬೈದೌ ಇವನ್ನೂ ಆಲಿಸುತ್ತದೆ. ಇವುಗಳ ಚರಿತ್ರೆಯನ್ನು ಓದುವುದು ಬಜೆಟ್ಟುಗಳ ಚರಿತ್ರೆಯನ್ನು ಓದಿದಂತೆ. 1995ರಲ್ಲಿ 24 ಉಪಗ್ರಹಗಳೊಂದಿಗೆ ಪೂರ್ಣಗೊಂಡಿದ್ದ ಗ್ಲೋನಾಸ್, ಸೋವಿಯತ್ ಒಕ್ಕೂಟ ಕುಸಿದ ನಂತರದ ಹಣದ ಮುಗ್ಗಟ್ಟಿನಲ್ಲಿ ಹತ್ತಕ್ಕಿಂತ ಕಡಿಮೆ ಉಪಗ್ರಹಗಳಿಗೆ ಇಳಿದು ಹೆಚ್ಚುಕಡಿಮೆ ನಿರುಪಯೋಗಿಯಾಯಿತು. ಸರ್ಕಾರ ಮತ್ತೆ ಹಣ ಸುರಿದ ಮೇಲೆ 2011ರಲ್ಲಿ ಹಳೆಯ ಸಂಖ್ಯೆಗೆ ಬಂತು. ಗೆಲಿಲಿಯೊವನ್ನು ಖಾಸಗಿ ಪಾಲುದಾರರೊಂದಿಗೆ ಕಟ್ಟುವ ಏರ್ಪಾಡು 2007ರಲ್ಲಿ ಮುರಿದುಬಿತ್ತು, ಆಮೇಲೆ ಅದು ಪೂರ್ತಿಯಾಗಿ ಸಾರ್ವಜನಿಕ ಹಣದಲ್ಲೇ ಎದ್ದುನಿಂತಿತು. ಶುಲ್ಕ ವಸೂಲು ಮಾಡಬೇಕೆಂದು ಮೊದಲು ಯೋಚಿಸಿದ್ದ ಅದರ ಅತಿ ನಿಖರ ಸೇವೆ 2023ರ ಜನವರಿಯಿಂದ ಉಚಿತವಾಗಿದೆ. ಹಣ ಕೊಟ್ಟವರಿಗಷ್ಟೇ ಎಂಬ ಹಳೆಯ ನಿರ್ಧಾರವೇ ಉಳಿದಿದ್ದರೆ ಸಣ್ಣ ಸರ್ವೇದಾರರು, ಕೃಷಿ ಯಂತ್ರ ಓಡಿಸುವವರು ಅದನ್ನು ಹೊರಗಿನಿಂದಲೇ ನೋಡಬೇಕಿತ್ತು.

ಬೇರೆಬೇರೆ ದೇಶಗಳ ಸಂಕೇತಗಳು ಒಂದೇ ಚಿಪ್ಪಿನಲ್ಲಿ ಜಗಳವಾಡದೆ ಕೂಡಿಕೊಂಡಿರುವುದೂ ತಾನಾಗಿ ಆದದ್ದಲ್ಲ. ಗೆಲಿಲಿಯೊ ಬಳಸಲಿದ್ದ ತರಂಗಗಳು ತನ್ನ ಸೇನಾ ಸಂಕೇತದ ಮೇಲೆ ಬೀಳುತ್ತವೆಂದು ಅಮೆರಿಕ ವರ್ಷಗಟ್ಟಲೆ ಆಕ್ಷೇಪಿಸಿತ್ತು. 2004ರ ಜೂನ್‌ನಲ್ಲಿ ಎರಡೂ ಕಡೆಯವರು ಒಪ್ಪಂದಕ್ಕೆ ಬಂದು ನಾಗರಿಕರಿಗೆ ಸಮಾನ ಸಂಕೇತದ ವಿನ್ಯಾಸ ಒಪ್ಪಿಕೊಂಡರು. ಇನ್ನೊಂದು ತಮಾಷೆಯ ಸಂಗತಿಯಿದೆ. ಗೆಲಿಲಿಯೊ ಸಂಕೇತ ಅಮೆರಿಕದ ನೆಲದ ಮೇಲೂ ಬೀಳುತ್ತಿತ್ತು, ಆದರೆ ಅಲ್ಲಿನ ಉಪಕರಣಗಳು ಅದನ್ನು ಬಳಸಲು ಅಲ್ಲಿನ ದೂರಸಂಪರ್ಕ ಆಯೋಗ ಅನುಮತಿ ಕೊಟ್ಟದ್ದು 2018ರ ನವೆಂಬರ್‌ನಲ್ಲಿ. ಆಕಾಶದಿಂದ ಬಂದದ್ದನ್ನು ಕೇಳಿಸಿಕೊಳ್ಳುವುದಕ್ಕೂ ಕಾಗದಪತ್ರ ಬೇಕಾಗಿತ್ತು.

ಭಾರತದ ನಾವಿಕ್ ಈ ವಿಮರ್ಶೆಯಲ್ಲಿ ಬೇರೆಯಾಗಿಯೇ ನಿಲ್ಲುತ್ತದೆ, ಏಕೆಂದರೆ ಅದು ದೇಶ ಮತ್ತು ಅದರ ಸುತ್ತಲಿನ 1,500 ಕಿಲೋಮೀಟರ್ ವ್ಯಾಪ್ತಿಗೆ ಮಾತ್ರ ಕಟ್ಟಿದ ವ್ಯವಸ್ಥೆ. ಮೊದಲ ಉಪಗ್ರಹ 2013ರ ಜುಲೈನಲ್ಲಿ ಹಾರಿತು. ಹೊರಗಿನಿಂದ ತಂದು ಅದರಲ್ಲಿಟ್ಟಿದ್ದ ಮೂರೂ ಪರಮಾಣು ಗಡಿಯಾರಗಳು ಮುಂದೆ ಕೆಟ್ಟವು, ಬದಲಿಯಾಗಿ 2017ರಲ್ಲಿ ಕಳಿಸಿದ ಉಪಗ್ರಹ ರಾಕೆಟ್ಟಿನ ಶಾಖಕವಚ ಕಳಚದೆ ಒಳಗೇ ಉಳಿಯಿತು. ಬಳಕೆದಾರನಾಗಿ ನನ್ನ ತಕರಾರು ಈ ಅವಘಡಗಳ ಬಗ್ಗೆ ಅಲ್ಲ, ಆಯ್ಕೆ ಮಾಡಿದ ತರಂಗಗಳ ಬಗ್ಗೆ. ಆರಂಭದ ಉಪಗ್ರಹಗಳು ಎಲ್5 ಮತ್ತು ಎಸ್ ಎಂಬ ರೇಡಿಯೊ ತರಂಗಗಳಲ್ಲಿ ಮಾತ್ರ ಬಿತ್ತರಿಸುತ್ತಿದ್ದವು, ಸಾಮಾನ್ಯ ಫೋನುಗಳು ಕೇಳುತ್ತಿದ್ದುದು ಎಲ್1 ಎಂಬ ಬೇರೆ ತರಂಗವನ್ನು. ಹೀಗಾಗಿ ಸೇವೆ ತಲೆಯ ಮೇಲೇ ಇದ್ದರೂ ಕೈಯಲ್ಲಿದ್ದ ಬಹುಪಾಲು ಫೋನುಗಳಿಗೆ ಅದು ಇದ್ದೂ ಇಲ್ಲದಂತಿತ್ತು. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಎಲ್1 ಸಂಕೇತವೂ ದೇಶೀಯ ರುಬಿಡಿಯಂ ಪರಮಾಣು ಗಡಿಯಾರವೂ ಬಂದವು. ತಡವಾಗಿ ಬಂದ ಸರಿಯಾದ ತಿದ್ದುಪಡಿ.

ನೀಲಿ ಚುಕ್ಕೆಯನ್ನು ಎಂದೂ ನೋಡದವರೂ ಈ ಸೇವೆಯ ಗ್ರಾಹಕರೇ. ಮೊಬೈಲ್ ಗೋಪುರಗಳು, ವಿದ್ಯುತ್ ಜಾಲಗಳು, ಹಣಕಾಸು ವಹಿವಾಟಿನ ಸಮಯಮುದ್ರೆಗಳು ಎಲ್ಲವೂ ಉಪಗ್ರಹಗಳಿಂದ ಹೊತ್ತು ಕೇಳಿಕೊಳ್ಳುತ್ತವೆ. 2016ರ ಜನವರಿ 26ರಂದು ಹಳೆಯ ಜಿಪಿಎಸ್ ಉಪಗ್ರಹವೊಂದನ್ನು ನಿವೃತ್ತಿಗೊಳಿಸುವಾಗ ಆದ ತಪ್ಪಿನಿಂದ ಸಮಯದ ಮಾಹಿತಿಯಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ 13 ಭಾಗದಷ್ಟು ದೋಷ ನುಸುಳಿತು. ನಕ್ಷೆ ನೋಡುತ್ತಿದ್ದವರಿಗೆ ಏನೂ ಗೊತ್ತಾಗಲಿಲ್ಲ, ದೂರಸಂಪರ್ಕ ಜಾಲಗಳ ಉಪಕರಣಗಳು ಮಾತ್ರ ಗಂಟೆಗಟ್ಟಲೆ ಎಚ್ಚರಿಕೆ ಕೂಗುತ್ತಿದ್ದವು.

ರಾಜಕೀಯ ನೇರವಾಗಿ ಸೇವೆಯನ್ನು ಕಿತ್ತುಕೊಳ್ಳುವುದು ಹೇಗೆಂದು ತಿಳಿಯಬೇಕಾದರೆ ಬ್ರಿಟನ್ನಿನ ಸಣ್ಣ ವಿಮಾನ ನಿಲ್ದಾಣಗಳನ್ನು ನೋಡಬೇಕು. ಉಪಗ್ರಹ ಸಂಕೇತದ ದೋಷವನ್ನು ತಿದ್ದಿ, ನಂಬಿಕೆಗೆ ಅರ್ಹವೋ ಅಲ್ಲವೋ ಎಂಬುದನ್ನು ವಿಮಾನಗಳಿಗೆ ತಿಳಿಸುವ ಇಗ್ನೋಸ್ ಎಂಬ ಸೇವೆಯನ್ನು ಐರೋಪ್ಯ ಒಕ್ಕೂಟ ನಡೆಸುತ್ತದೆ. ದುಬಾರಿ ಇಳಿದಾಣ ಉಪಕರಣ ಇಡಲಾಗದ ನಿಲ್ದಾಣಗಳಿಗೆ ಮಂಜು ಮುಸುಕಿದ ದಿನ ಇದೇ ಆಸರೆ. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ ಹೊಸ ಒಪ್ಪಂದವಾಗದೆ, 2021ರ ಜೂನ್ 25ರಿಂದ ಅಲ್ಲಿನ ವಿಮಾನಗಳು ಈ ಸೇವೆಯನ್ನು ಇಳಿಯುವುದಕ್ಕೆ ನೆಚ್ಚಿಕೊಳ್ಳುವಂತಿಲ್ಲವಾಯಿತು. ಸಂಕೇತ ಮೊದಲಿನಂತೆಯೇ ಆ ನೆಲದ ಮೇಲೆ ಬೀಳುತ್ತಿತ್ತು. ಇಲ್ಲವಾದದ್ದು ಅದಕ್ಕೆ ಹೊಣೆ ಹೊರುವ ಕರಾರು. ಆಸ್ಪತ್ರೆಗೋ ಮನೆಗೋ ಹೊರಟು ನಿಲ್ದಾಣದಲ್ಲಿ ಕಾಯುತ್ತ ಕೂತ ದ್ವೀಪವಾಸಿಗೆ ಬಾಹ್ಯಾಕಾಶ ನೀತಿ ಎಂದರೆ ರದ್ದಾದ ವಿಮಾನ, ಅಷ್ಟೆ.

ಬೇಕೆಂದೇ ಸಂಕೇತ ಕೆಡಿಸುವವರ ಕಾಟ ಇನ್ನೊಂದು ಬಗೆಯದು. 2024ರ ಏಪ್ರಿಲ್ ಕೊನೆಯಲ್ಲಿ, ಜಿಪಿಎಸ್ ಅಡಚಣೆಯಿಂದ ಇಳಿಯಲಾಗದೆ ಎರಡು ವಿಮಾನಗಳು ಹಿಂದಿರುಗಿದ ಬಳಿಕ, ಫಿನ್ಏರ್ ಸಂಸ್ಥೆ ಎಸ್ಟೋನಿಯಾದ ಟಾರ್ಟು ನಗರಕ್ಕೆ ಹೋಗುವ ವಿಮಾನಗಳನ್ನು ಒಂದು ತಿಂಗಳು ನಿಲ್ಲಿಸಬೇಕಾಯಿತು. ಇಪ್ಪತ್ತು ಸಾವಿರ ಕಿಲೋಮೀಟರ್ ದೂರದಿಂದ ಬರುವ ಸಂಕೇತ ಬಹಳ ಕ್ಷೀಣವಾದದ್ದು, ನೆಲದ ಮೇಲಿನ ಸಾಧಾರಣ ಪ್ರೇಷಕವೇ ಅದನ್ನು ಮುಳುಗಿಸಬಲ್ಲದು. ಸಂಕೇತ ಅಸಲಿಯೇ ಎಂದು ಪರೀಕ್ಷಿಸಿಕೊಳ್ಳುವ ಸೌಲಭ್ಯವನ್ನು ಗೆಲಿಲಿಯೊ 2025ರಲ್ಲಿ ಎಲ್ಲರಿಗೂ ತೆರೆದಿರುವುದರಿಂದ, ನಕಲಿ ಸಂಕೇತದ ವಿಷಯದಲ್ಲಿ ನನ್ನ ಹೆಚ್ಚಿನ ಅಂಕ ಅದಕ್ಕೇ.

ಆದರೆ ಗೆಲಿಲಿಯೊ ಮೇಲೆಯೇ ನನ್ನ ದೊಡ್ಡ ದೂರೂ ಇದೆ. 2019ರ ಜುಲೈನಲ್ಲಿ ನೆಲದ ಮೇಲಿನ ವ್ಯವಸ್ಥೆ ಕೆಟ್ಟು ಹೆಚ್ಚುಕಡಿಮೆ ಒಂದು ವಾರ ಸೇವೆ ನಿಂತುಹೋಯಿತು. ಫೋನುಗಳು ಜಿಪಿಎಸ್ ಹಿಡಿದುಕೊಂಡಿದ್ದರಿಂದ ಹೆಚ್ಚಿನವರಿಗೆ ತಿಳಿಯಲೂ ಇಲ್ಲ, ಆದರೆ ಇನ್ನೊಬ್ಬರ ಛತ್ರಿಯಲ್ಲಿ ಮಳೆ ಕಳೆದದ್ದನ್ನು ತನ್ನ ಸಾಮರ್ಥ್ಯವೆಂದು ಯಾರೂ ಹೇಳಿಕೊಳ್ಳುವಂತಿಲ್ಲ. ಇಂಥ ಸೇವೆಗಳಿಗೆಲ್ಲ ದೂರು ಸ್ವೀಕರಿಸುವ ಕಚೇರಿಗಳಿವೆ, ಪ್ರಕಟಿತ ಗುಣಮಟ್ಟದ ದಾಖಲೆಗಳೂ ಇವೆ. ಸಾಮಾನ್ಯ ಬಳಕೆದಾರನಿಗೆ ನಷ್ಟವಾದರೆ ಭರಿಸುವ ಭರವಸೆ ಮಾತ್ರ ಇಲ್ಲ.

ಇನ್ನು ಉಪಗ್ರಹಗಳು ಕೈಕೊಟ್ಟ ದಿನಕ್ಕೆ ಬದಲಿ ಏನು ಎಂಬ ಪ್ರಶ್ನೆಯಲ್ಲಿ ನಾನು ಅಂಕ ಕಳೆದಿದ್ದೇನೆ. ನೆಲದಿಂದಲೇ ಬಲವಾದ ಸಂಕೇತ ಬಿತ್ತರಿಸುತ್ತಿದ್ದ ಲೊರಾನ್-ಸಿ ಜಾಲ ಅಮೆರಿಕದಲ್ಲಿತ್ತು. ಜಿಪಿಎಸ್ ಇರುವಾಗ ಇದು ದಂಡದ ಖರ್ಚೆಂದು ತೀರ್ಮಾನಿಸಿ 2010ರ ಫೆಬ್ರವರಿ 8ರಂದು ಅದರ ಪ್ರಸಾರವನ್ನು ನಿಲ್ಲಿಸಲಾಯಿತು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ದಿನಾಂಕದ ಲೆಕ್ಕಕ್ಕೆ.