ಎಸ್‌ಪಿ ರೋಡಿನ ಹಳೇ ಪ್ರೆಸಿಷನ್, ಒಂದು ಬಟನ್ ಸೆಲ್: ಎರಡು ವರ್ಷ ಬಳಸಿದ ಮೇಲೆ

ಬೆಳಗ್ಗೆ 8:40ಕ್ಕೆ, ಷೇರು ಮಾರ್ಕೆಟ್ ಟ್ರೇಡಿಂಗ್‌ಗೆ ಇಟ್ಟುಕೊಂಡಿರುವ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ನ ಪವರ್ ಬಟನ್ ಒತ್ತುತ್ತೇನೆ. ಫ್ಯಾನ್‌ಗಳು ಒಮ್ಮೆ ಜೋರಾಗಿ ಬೀಸಿ ಆಮೇಲೆ ಸುಮ್ಮನಾಗುತ್ತವೆ. ಪರದೆ ಮೇಲೆ ಏನಾದರೂ ಮೂಡಲು ಇದಕ್ಕೆ ಲ್ಯಾಪ್‌ಟಾಪ್‌ಗಿಂತ ಜಾಸ್ತಿ ಹೊತ್ತು ಬೇಕು. ಅಷ್ಟರಲ್ಲಿ ನಾನು ಅಡುಗೆಮನೆಗೆ ಹೋಗಿ ಹಾಲು ಕಾಯಿಸಿ, ರಾತ್ರಿಯೇ ಇಳಿಸಿಟ್ಟ ಡಿಕಾಕ್ಷನ್ ಬೆರೆಸಿಕೊಂಡು ಬರುತ್ತೇನೆ. ಬರುವ ಹೊತ್ತಿಗೆ ಮೂರೂ ಪರದೆಗಳು ಬೆಳಗಿರುತ್ತವೆ. ಎಡಗಡೆಯದನ್ನು ಉದ್ದಕ್ಕೆ ನಿಲ್ಲಿಸಿದ್ದೇನೆ, ಅದು ಆಪ್ಷನ್ ಚೈನ್‌ಗೆ, ಅಂದರೆ ಆಪ್ಷನ್‌ಗಳ ಬೆಲೆಪಟ್ಟಿಗೆ. ನಡುವೆ ನಿಫ್ಟಿಯ ಐದು ನಿಮಿಷದ ಚಾರ್ಟ್. ಬಲಕ್ಕೆ ಟ್ರೇಡಿಂಗ್ ಸೈಟ್ ಕೈಟ್‌ನ ಆರ್ಡರ್ ಪುಟ. ಮೂರೂ ಸೆಕೆಂಡ್ ಹ್ಯಾಂಡ್ ಮಾನಿಟರ್‌ಗಳು, ಒಂದರ ಬಿಳಿ ಬಣ್ಣ ಸ್ವಲ್ಪ ಹಳದಿ. 9ಕ್ಕೆ, ಮಾರ್ಕೆಟ್ ತೆರೆಯುವ ಮುಂಚಿನ ಪ್ರೀ-ಓಪನ್ ಶುರುವಾಗುವಾಗ ಲೋಟ ಅರ್ಧ ಖಾಲಿ. ದಿನದಲ್ಲಿ ನನಗೆ ಇದಕ್ಕಿಂತ ಇಷ್ಟದ ಹೊತ್ತು ಇನ್ನೊಂದಿಲ್ಲ.

ಡೆಲ್ ಪ್ರೆಸಿಷನ್ 5810 ತಗೊಂಡಿದ್ದು 2023ರ ದೀಪಾವಳಿ ವಾರ, ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ. 26,500 ರೂಪಾಯಿ. ಮಾನಿಟರ್‌ಗಳ ಲೆಕ್ಕ ಬೇರೆ. ನವೆಂಬರ್ 12ರ ಸಂಜೆ ಅರಿಶಿನ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಇಟ್ಟು, 6:15ರ ಮುಹೂರ್ತ ಟ್ರೇಡಿಂಗ್‌ಗೆ (ದೀಪಾವಳಿಯ ಶುಭ ಮುಹೂರ್ತದ ವಿಶೇಷ ವಹಿವಾಟು) ಮೊದಲ ಸಲ ಇದರ ಮುಂದೆ ಕೂತೆ. 'ಟ್ರೇಡಿಂಗ್ ಪಿಸಿ' ಅಂತ ಹೆಸರಿಟ್ಟು ಲಕ್ಷದ ಮೇಲೆ ಕೇಳುವವರೂ ಇದ್ದಾರೆ. ನನಗೆ ಅದು ಬೇಡವಾಗಿತ್ತು. ಎಫ್ ಆಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಮಾಡುವ ಸಾಮಾನ್ಯ ಜನರಲ್ಲಿ 93% ಮಂದಿ 2021-22ರಿಂದ 2023-24ರ ನಡುವೆ ನಷ್ಟ ಮಾಡಿಕೊಂಡರು ಅಂತ ಷೇರು ಮಾರ್ಕೆಟ್ ನಿಯಂತ್ರಕ ಸೆಬಿಯೇ ಆಮೇಲೆ 2024ರಲ್ಲಿ ಹೇಳಿತು. ಯಂತ್ರಕ್ಕೆ ಸುರಿಯುವ ದುಡ್ಡು ಮಾರ್ಜಿನ್ (ಟ್ರೇಡ್‌ಗೆ ಇಡಬೇಕಾದ ಠೇವಣಿ) ಆಗಿ ಅಕೌಂಟ್‌ನಲ್ಲಿ ಇರಲಿ ಅನ್ನೋದು ನನ್ನ ಲೆಕ್ಕ.

ಅಂಗಡಿಯವರು ಎರಡು ಪ್ರೊಸೆಸರ್ ಇರುವ ದೊಡ್ಡ ಮಾಡೆಲ್ ಕೊಡಲು ತುಂಬ ಒತ್ತಾಯ ಮಾಡಿದರು. 'ಇಪ್ಪತ್ತೆಂಟು ಕೋರ್ ಸರ್, ಅದೇ ರೇಟಿಗೆ' ಅಂದರು. ಬೇಡ ಅಂದೆ, ನೀವೂ ಬೇಡ ಅನ್ನಿ. ಚಾರ್ಟ್ ಓಡಿಸುವ ಬ್ರೌಸರ್‌ಗೆ ಒಂದೊಂದು ಕೋರ್ ಎಷ್ಟು ಚುರುಕು ಅನ್ನೋದು ಮುಖ್ಯ, ಕೋರ್‌ಗಳ ಸಂಖ್ಯೆ ಅಲ್ಲ. ಇದರಲ್ಲಿರುವ ಆರು ಕೋರ್‌ನ ಪ್ರೊಸೆಸರ್ ಜಿಯಾನ್ ಇ5-1650 ವಿ4 3.6 ಗಿಗಾಹರ್ಟ್ಜ್‌ನಲ್ಲಿ ಓಡುತ್ತದೆ, ನನ್ನ ಕೆಲಸಕ್ಕೆ ಅದು ಧಾರಾಳ. ಗ್ರಾಫಿಕ್ಸ್‌ಗೂ ದೊಡ್ಡದು ಬೇಕಿಲ್ಲ. ಕ್ವಾಡ್ರೊ ಪಿ620 ಚಿಕ್ಕ ಕಾರ್ಡ್, ಆದರೂ ನಾಲ್ಕು ಮಾನಿಟರ್‌ಗೆ ಜಾಗ ಕೊಡುತ್ತದೆ.

ಖುಷಿ ಕೊಟ್ಟಿದ್ದು ಮೆಮೊರಿ. ಇದಕ್ಕೆ ಸರ್ವರ್‌ನ ರಿಜಿಸ್ಟರ್ಡ್ ರ‍್ಯಾಮ್ ಹಾಕಬಹುದು. ಅದು ಮಾಮೂಲಿ ಡೆಸ್ಕ್‌ಟಾಪ್‌ನಲ್ಲಿ ನಡೆಯುವುದಿಲ್ಲವಾದ್ದರಿಂದ ಕೇಳುವವರು ಕಡಿಮೆ. ನಾನು 2024ರ ಶುರುವಿನಲ್ಲಿ 32 ಜಿಬಿಯನ್ನು 64ಕ್ಕೆ ಏರಿಸಿದಾಗ ಅಗ್ಗವಾಗೇ ಸಿಕ್ಕಿತು. 2025ರ ಕೊನೆಯಿಂದ ಎಲ್ಲ ರ‍್ಯಾಮ್ ಬೆಲೆ ಏರಿದೆ, ಈಗ ತಗೊಳ್ಳುವವರು ಯಂತ್ರದ ಜೊತೆಗೇ ಮಾತಾಡಿ ಹಾಕಿಸಿಕೊಳ್ಳಿ. ಎರಡು ದೊಡ್ಡ ಕಡ್ಡಿಗಿಂತ ನಾಲ್ಕು ಚಿಕ್ಕವು ಒಳ್ಳೆಯದು, ಈ ಪ್ರೊಸೆಸರ್‌ಗೆ ನಾಲ್ಕು ಮೆಮೊರಿ ದಾರಿಗಳಿವೆ.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೂ ಇದನ್ನು ಬರೆಯಲು ಕೂತಿದ್ದು ಒಂದು ಬಟನ್ ಸೆಲ್‌ನಿಂದಾಗಿ.

ಮನೆಗೆ ತಂದು ಮೊದಲ ಸಲ ಆನ್ ಮಾಡಿದಾಗ ಕಪ್ಪು ಪರದೆ ಮೇಲೆ ಒಂದು ಸಾಲು ಬಂತು. ಸಮಯ ಹೊಂದಿಸಿಲ್ಲ, ಸೆಟಪ್‌ಗೆ ಹೋಗಿ ಅಂತ. ಅಂಗಡಿಗೆ ಫೋನ್ ಮಾಡಿದೆ. 'ಅದು ಕಾಮನ್ ಸರ್, ಎಫ್1 ಒತ್ತಿ ಮುಂದೆ ಹೋಗಿ' ಅಂದರು. ನಂಬಿದೆ. ಸಮಯ ಸರಿ ಮಾಡಿಕೊಂಡೆ. ಆರು ತಿಂಗಳು ಆ ಸಾಲು ಮತ್ತೆ ಕಾಣಲಿಲ್ಲ.

2024ರ ಜೂನ್ 2, ಭಾನುವಾರ. ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದ ದಿನ, ನೆನಪಿದೆ ಅಲ್ವಾ? 133 ವರ್ಷಗಳಲ್ಲಿ ಜೂನ್ ತಿಂಗಳ ಯಾವ ದಿನವೂ ಅಷ್ಟು ಮಳೆ ಬಂದಿರಲಿಲ್ಲ. ಹನುಮಂತನಗರದ ನಮ್ಮ ರಸ್ತೆಯಲ್ಲಿ ಮರ ಬಿತ್ತು, ಕರೆಂಟ್ ಹೋಯಿತು. ಯುಪಿಎಸ್ ರಾತ್ರಿಯೇ ಪೂರ್ತಿ ಖಾಲಿ. ಬೆಳಗಿನ ಜಾವ ಕರೆಂಟ್ ಬಂತು. ಮಾಮೂಲಿನಂತೆ 8:40ಕ್ಕೆ ಬಟನ್ ಒತ್ತಿ ಹಾಲು ಕಾಯಿಸಲು ಹೋದೆ. ಬಂದು ನೋಡಿದರೆ ಅದೇ ಸಾಲು. ಎಫ್1 ಒತ್ತಿದೆ. ವಿಂಡೋಸ್ ಬಂತು, ಬ್ರೌಸರ್ ತೆರೆಯಿತು, ಆದರೆ ಒಂದು ಸೈಟೂ ತೆರೆಯಲಿಲ್ಲ. ಎಲ್ಲದರಲ್ಲೂ ಸುರಕ್ಷಿತವಲ್ಲ ಅನ್ನುವ ಎಚ್ಚರಿಕೆ.

ಅದು ಎಂಥ ಸೋಮವಾರ ಗೊತ್ತಲ್ಲ. ಶನಿವಾರ ಸಂಜೆ ಎಕ್ಸಿಟ್ ಪೋಲ್ ಬಂದಿತ್ತು, ಮಾರ್ಕೆಟ್ ದೊಡ್ಡ ಗ್ಯಾಪ್‌ನಲ್ಲಿ ಮೇಲೆ ತೆರೆಯುವುದು ಖಚಿತವಿತ್ತು. ಶುಕ್ರವಾರ ಮಾರಿದ್ದ ಒಂದು ಕಾಲ್ ಆಪ್ಷನ್ ನನ್ನ ಕೈಲಿತ್ತು, ಮಾರ್ಕೆಟ್ ಮೇಲೆ ಹೋದರೆ ಅದರಲ್ಲಿ ನಷ್ಟ. ನಾನು ರೂಟರ್ ಆಫ್ ಮಾಡಿ ಆನ್ ಮಾಡಿದೆ. ಕೇಬಲ್ ಬದಲಿಸಿದೆ. ಆಂಟಿವೈರಸ್ ತೆಗೆದೆ. ಪರದೆಯ ಮೂಲೆಯ ಗಡಿಯಾರ ಕಡೆ ಕಣ್ಣೇ ಹೋಗಲಿಲ್ಲ. ಕೊನೆಗೆ ಫೋನ್‌ನಲ್ಲೇ ಆ ಪೊಸಿಷನ್ ಮುಗಿಸಿದಾಗ 9:26. ಗ್ಯಾಪ್‌ನಲ್ಲಿ ಹೋದ ದುಡ್ಡಿಗೆ ಕಂಪ್ಯೂಟರ್ ಕಾರಣ ಅಲ್ಲ, ಅದು ನನ್ನ ಟ್ರೇಡ್. ಆದರೆ 9:15ಕ್ಕೆ ಮಾರ್ಕೆಟ್ ತೆರೆದ ಮೇಲಿನ ಆ ಹನ್ನೊಂದು ನಿಮಿಷ ಕೈ ನಡುಗಿದ್ದು ಇನ್ನೂ ಮರೆತಿಲ್ಲ.

ಆಮೇಲೆ ಗಡಿಯಾರ ನೋಡಿದೆ. ಎಂಟು ವರ್ಷ ಹಿಂದಿನ ಜನವರಿ 1 ತೋರಿಸುತ್ತಿತ್ತು. ಪ್ರತಿ ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಯಂತ್ರ ಎಂಟು ವರ್ಷ ಹಿಂದೆ ನಿಂತಿದ್ದರೆ ಅದರ ಪಾಲಿಗೆ ಆ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ. ಗಡಿಯಾರ ವ್ಯತ್ಯಾಸ ಇಷ್ಟು ದೊಡ್ಡದಾದರೆ ವಿಂಡೋಸ್ ತಾನಾಗಿ ಸರಿ ಮಾಡಿಕೊಳ್ಳುವುದಿಲ್ಲ. ಕೈಯಲ್ಲಿ ತಾರೀಕು ಬದಲಿಸಿದೆ, ಎಲ್ಲ ತೆರೆಯಿತು.

ಮದರ್‌ಬೋರ್ಡ್ ಮೇಲೆ ಸಿಆರ್2032 ಅನ್ನುವ ನಾಣ್ಯದಂಥ ಸೆಲ್ ಇರುತ್ತದೆ. 3 ವೋಲ್ಟ್‌ನದು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಪ್ಲಗ್‌ನಲ್ಲಿ ಕರೆಂಟ್ ಇದ್ದರೆ, ಕಂಪ್ಯೂಟರ್ ಆಫ್ ಆಗಿದ್ದರೂ, ಸೆಲ್ ಸತ್ತಿದ್ದು ಗೊತ್ತೇ ಆಗುವುದಿಲ್ಲ. ಆರು ತಿಂಗಳು ನನಗೆ ಕಾಣದೇ ಹೋಗಿದ್ದು ಅದಕ್ಕೆ. ತೆಗೆದು ಮಲ್ಟಿಮೀಟರ್ ಇಟ್ಟರೆ 1.9. ಯಂತ್ರದ ಜೊತೆ ಬಂದ ಸೆಲ್ಲೇ ಇದ್ದಿರಬೇಕು. ಧೂಳು ಒರೆಸಿ, ಹೊಸ ಎಸ್‌ಎಸ್‌ಡಿ ಹಾಕಿ, 'ಪೂರ್ತಿ ಸರ್ವಿಸ್ ಆಗಿದೆ' ಅಂತ ಸ್ಟಿಕ್ಕರ್ ಅಂಟಿಸಿ ಕೊಟ್ಟವರಿಗೆ ಇದೊಂದನ್ನು ಬದಲಿಸಲು ಆಗಲಿಲ್ಲ. ನಾನೇ ಫೋನ್ ಮಾಡಿ ಕೇಳಿದ್ದೆ. ಆಗಲೂ ಹೇಳಲಿಲ್ಲ. ನನ್ನ ಬೇಸರ ಅದರದ್ದು.

ಅವತ್ತು ಮಧ್ಯಾಹ್ನ 3:30 ಆಗಿದ್ದೇ ಗಾಂಧಿ ಬಜಾರಿಗೆ ಹೋಗಿ ಒಂದು ವಾಚ್ ರಿಪೇರಿ ಅಂಗಡಿಯಲ್ಲಿ 40 ರೂಪಾಯಿಗೆ ಹೊಸ ಸೆಲ್ ತಂದೆ. ಪಕ್ಕದ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಬೇಡ, ಹಿಡಿ ಎಳೆದರೆ ಬರುತ್ತದೆ. ಐದು ನಿಮಿಷದ ಕೆಲಸ. ಮಾರನೇ ದಿನ, ಜೂನ್ 4, ಚುನಾವಣೆ ಫಲಿತಾಂಶ. ನಿಫ್ಟಿ ಸುಮಾರು 6% ಬಿತ್ತು. ಮೂರೂ ಪರದೆ ತುಂಬ ಚಾರ್ಟ್, ಪಕ್ಕದಲ್ಲಿ ಕನ್ನಡ ನ್ಯೂಸ್ ಲೈವ್. ಬೆಳಗ್ಗೆಯಿಂದ ಸಂಜೆವರೆಗೆ ಇದು ಒಂದು ಸಲವೂ ತಡವರಿಸಲಿಲ್ಲ. ಆವತ್ತು ಇದರ ಮೇಲಿನ ಸಿಟ್ಟು ಹೋಯಿತು. ಅಂಗಡಿ ಮೇಲಿನದು ಹೋಗಿಲ್ಲ.

ಇನ್ನೆರಡು ವಿಷಯ. ಈ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಕೆಲಸ ಎಲ್ಲ ಬ್ರೌಸರ್‌ನಲ್ಲೇ, ಹಾಗಾಗಿ ಲಿನಕ್ಸ್ ಮಿಂಟ್‌ಗೆ ಹೋದೆ, ಆರಾಮಾಗಿದ್ದೇನೆ. ಆಮಿಬ್ರೋಕರ್‌ನಂಥ ವಿಂಡೋಸ್ ಸಾಫ್ಟ್‌ವೇರ್ ಬಳಸುವವರು ಇದಕ್ಕಿಂತ ಹೊಸ ಪೀಳಿಗೆಯದನ್ನೇ ನೋಡಿ. ಇನ್ನು ಕರೆಂಟ್: ಮಾನಿಟರ್ ಸೇರಿ 150 ವಾಟ್ ಹತ್ತಿರ ಎಳೆಯುತ್ತದೆ, ದಿನಕ್ಕೆ ಏಳು ಗಂಟೆ, ಮಾರ್ಕೆಟ್ ಇರುವ 22 ದಿನ ಅಂದರೆ ತಿಂಗಳಿಗೆ 23 ಯೂನಿಟ್. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯಲ್ಲಿ ಇರುವವರು ತಿಂಗಳಿಗೆ 200 ಯೂನಿಟ್ ದಾಟದಂತೆ ನೋಡಿಕೊಳ್ಳಿ, ದಾಟಿದರೆ ಪೂರ್ತಿ ಬಿಲ್ ಬರುತ್ತದೆ.

ಕಳೆದ ತಿಂಗಳು ತಂಗಿಯ ಗಂಡನಿಗೆ ಇಂಥದ್ದೇ ಒಂದು ಕೊಡಿಸಲು ಎಸ್‌ಪಿ ರೋಡಿಗೆ ಹೋಗಿದ್ದೆ, ಈ ಸಲ ಬೇರೆ ಅಂಗಡಿ. ದುಡ್ಡು ಕೊಡುವ ಮೊದಲು ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ ಅಂದೆ. ಎದುರಿಗೇ ಟೀ ಕುಡಿದು ಬಂದೆವು. ಮತ್ತೆ ಹಾಕಿದಾಗ ಅದೇ ಸಾಲು ಬಂತು. ಕೌಂಟರ್‌ನಲ್ಲಿದ್ದ ಹುಡುಗ ಏನೂ ಮಾತಾಡದೆ ಡ್ರಾಯರ್‌ನಿಂದ ಹೊಸ ಸೆಲ್ ತೆಗೆದು ಹಾಕಿಕೊಟ್ಟ.