ಕ್ರೋಶಾದಲ್ಲಿ ತಪ್ಪಾದರೆ: ಬಿಚ್ಚೋದಾ, ಸರಿದೂಗಿಸೋದಾ, ಮುಚ್ಚೋದಾ?

ಮಗುವಿನ ಹೊದಿಕೆಯಲ್ಲಿ ನಾಲ್ಕು ಸಾಲು ಕೆಳಗೆ ಒಂದು ಕಂಬ (ಕಂಬದ ಹಾಗೆ ನೆಟ್ಟಗೆ ನಿಲ್ಲುವ ಕ್ರೋಶಾ ಹೆಣಿಕೆ) ಬಿಟ್ಟುಹೋಗಿದೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಸಮಯ ಉಳಿಯಬೇಕು ಅಂದರೆ, ಮುಂದಿನ ಸಾಲಿನಲ್ಲಿ ಒಂದೇ ತೂತಿಗೆ ಎರಡು ಕಂಬ ಹಾಕಿ ಲೆಕ್ಕ ಸರಿಮಾಡಿ. ಎರಡೇ ನಿಮಿಷದ ಕೆಲಸ. ಬರೀ ಕಂಬಗಳ ಹೆಣಿಗೆಗೆ ಇಷ್ಟು ಸಾಕು. ಆದರೆ ಅನಾನಸ್ ಹಣ್ಣಿನ ಆಕಾರ ಮೂಡಿಸುವ ಡಿಸೈನ್ ಥರದ್ದಾದರೆ ಬೇಡ. ಅಲ್ಲಿ ಒಂದು ಕಂಬ ತಪ್ಪಿದರೆ ಮೇಲಿನ ಸಾಲೆಲ್ಲ ಸೊಟ್ಟಗಾಗುತ್ತದೆ, ಬಿಚ್ಚಲೇಬೇಕು.

ಬಿಚ್ಚೋಕೆ ಹೆದರಬೇಡಿ. ಕ್ರೋಶಾ ಕಡ್ಡಿಯಲ್ಲಿ ಇರೋದು ಒಂದೇ ಕುಣಿಕೆ, ಸ್ವೆಟರ್ ಹೆಣಿಗೆಯ ಹಾಗೆ ಹತ್ತಾರು ಕುಣಿಕೆ ಒಟ್ಟಿಗೆ ಜಾರುವ ಭಯ ಇಲ್ಲ. ತಪ್ಪಿನ ಜಾಗಕ್ಕೆ ಸೇಫ್ಟಿ ಪಿನ್ ಹಾಕಿ, ಮೆಲ್ಲಗೆ ಎಳೆಯುತ್ತಾ ಉಂಡೆ ಸುತ್ತಿಕೊಳ್ಳಿ. ಹತ್ತಿ ನೂಲು ಸರಸರ ಬರುತ್ತದೆ. ತುಪ್ಪಳದಂಥ ಮೊಹೇರ್ ಉಣ್ಣೆ ಮಾತ್ರ ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತದೆ, ಅದಕ್ಕೆ ಸರಿದೂಗಿಸೋದೇ ವಾಸಿ.

ಮುಗಿದ ಮೇಲೆ ಕಂಡ ತಪ್ಪಿಗೆ ಚಿಕ್ಕ ಹೂ ಹೆಣೆದು ಹೊಲಿಯಬಹುದು. ಚೀಲಕ್ಕೆ, ಟೋಪಿಗೆ ತುಂಬಾ ಚೆಂದ. ಎಳೆಮಗುವಿನ ಹೊದಿಕೆಗೆ ನಾನು ಹಾಕಲ್ಲ, ಕಿತ್ತು ಬಾಯಿಗಿಟ್ಟುಕೊಂಡರೆ ಕಷ್ಟ ಅಲ್ವಾ?

ನಿಮ್ಮದು ನಾಲ್ಕೇ ಸಾಲು. ಹತ್ತಿ ನೂಲಾದರೆ ಇವತ್ತೇ ಬಿಚ್ಚಿ.