ಹಳೇ ಝಡ್420 ರಿಪೇರಿಯೋ, ಸೆಕೆಂಡ್ ಹ್ಯಾಂಡ್ ಮಿನಿಯೋ, ಹೊಸ ಐ5ಓ?

ಹಳೇ ವರ್ಕ್‌ಸ್ಟೇಷನ್‌ಗೆ (ಭಾರೀ ಕೆಲಸಕ್ಕೆಂದೇ ಮಾಡಿದ ಕಂಪ್ಯೂಟರ್) ದುಡ್ಡು ಹಾಕುವಾಗ ನಾನು ನೋಡುವುದು ಒಂದೇ. ನಾಳೆ ಅದು ಕೈಕೊಟ್ಟರೆ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿಕೊಳ್ಳುವಂಥ ಭಾಗವೋ ಅಲ್ಲವೋ? ಹೌದಾದರೆ ತಗೊಳ್ಳುತ್ತೇನೆ. ಅಲ್ಲವಾದರೆ ಚಿಲ್ಲರೆ ಕಾಸಿಗೆ ಸಿಕ್ಕರೆ ಮಾತ್ರ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಖ್ಯ ಕೆಲಸ ಯಕ್ಷಗಾನದ ವಿಡಿಯೊ ಎಡಿಟಿಂಗ್. ಮಳೆಗಾಲದಲ್ಲಿ ಊರ ಕಡೆ ಬಯಲಾಟ ಇರುವುದಿಲ್ಲ, ಕಲಾವಿದರು ತಂಡ ಕಟ್ಟಿಕೊಂಡು ಮುಂಬೈಗೆ ಬರುತ್ತಾರೆ. ಸಂಘದವರು ಆಟವನ್ನು ಮೊಬೈಲುಗಳಲ್ಲಿ 4ಕೆಯಲ್ಲೇ ತೆಗೆದು ನನ್ನ ತಲೆ ಮೇಲೆ ಸುರಿಯುತ್ತಾರೆ. ಹೋದ ಮಳೆಗಾಲ, ಸರಿಯಾಗಿ ಅದೇ ಹೊತ್ತಿಗೆ, ನನ್ನ ಎಚ್‌ಪಿ ಝಡ್420 ಏಳಲಿಲ್ಲ. 2012ರಲ್ಲಿ ಬಂದ ಮಾಡೆಲ್, ಇಂಟೆಲ್‌ನ ಜಿಯಾನ್ ಇ5-1620 ಪ್ರೊಸೆಸರ್, ನಾಲ್ಕು ಕೋರ್. ಪವರ್ ಬಟನ್ ಒತ್ತಿದರೆ ಕೆಂಪು ದೀಪ ಐದು ಸಲ ಮಿನುಗುತ್ತಿತ್ತು, ಜೊತೆಗೆ ಐದು ಬೀಪ್.

'ಗುಜರಿಗೆ ಹಾಕು ಮಾರಾಯ' ಅಂದರು ಭಾವ.

ಈ ಸಾಲಿನ ಯಂತ್ರಗಳಲ್ಲಿ ಐದು ಬೀಪ್ ಅಂದರೆ ಮೆಮೊರಿಯ ದೂರು. ಪಕ್ಕದ ಬಾಗಿಲಿನ ಹಿಡಿ ಎತ್ತಿದರೆ ಸಾಕು, ಸ್ಕ್ರೂಡ್ರೈವರ್ ಬೇಡವೇ ಬೇಡ. ರ‍್ಯಾಮ್ ಕಡ್ಡಿಗಳನ್ನು ತೆಗೆದು ನೋಡಿದೆ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಪೊರೆ. ತಪ್ಪು ಯಂತ್ರದ್ದಲ್ಲ, ಕಿಟಕಿ ಪಕ್ಕ ಇಟ್ಟರೆ ಇಲ್ಲಿನ ಹವೆ ಯಾವುದನ್ನೂ ಬಿಡುವುದಿಲ್ಲ. ಮಗಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಟಕ್ ಅಂತ ಸದ್ದು ಬರುವ ತನಕ ಒತ್ತಿ ಕೂರಿಸಿದೆ. ಎದ್ದಿತು. ಪ್ರೊಸೆಸರ್ ಮೇಲಿನ, ಬಿಸಿ ಸಾಗಿಸುವ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿತ್ತು, ಅದನ್ನೂ ಬದಲಿಸಿದೆ. ಮದರ್‌ಬೋರ್ಡಿನ ಸಿಆರ್2032 ಗುಂಡಿ ಬ್ಯಾಟರಿಯೂ ಹೊಸದು. ಇಷ್ಟಕ್ಕೆಲ್ಲ ಸೇರಿ ಒಂದು ಊಟದ ಖರ್ಚೂ ಆಗಲಿಲ್ಲ.

ರಿಪೇರಿ ಅಲ್ಲಿಗೆ ಮುಗಿಯಿತು. ಅಪ್‌ಗ್ರೇಡ್‌ದೇ ದೊಡ್ಡ ಕಥೆ. ಮೊಬೈಲಿನ 4ಕೆ ಫೈಲ್ ಟೈಮ್‌ಲೈನ್‌ಗೆ ಎಳೆದರೆ ಚೆಂಡೆ ಒಂದು ಕಡೆ, ಕುಣಿತ ಒಂದು ಕಡೆ.

ಹೋಲಿಕೆಗೆ ಅಂತ ಎರಡು ಯಂತ್ರ ತರಿಸಿಕೊಂಡೆ. ಒಂದು, ಮುಂಬೈಯ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡಿನಿಂದ ರಿಫರ್ಬಿಶ್ಡ್ (ಸರಿಮಾಡಿ ಮತ್ತೆ ಮಾರುವ) ಮಿನಿ ಪಿಸಿ, ಐ5-8500ಟಿ, ಹದಿನಾಲ್ಕು ಸಾವಿರ ಚಿಲ್ಲರೆ. (ಬೋರ್ಡಿನಲ್ಲಿ ಡಾ. ಭಡ್ಕಮ್‌ಕರ್ ಮಾರ್ಗ ಅಂತ ಇದ್ದರೂ ಟ್ಯಾಕ್ಸಿಯವನಿಗೆ ಲ್ಯಾಮಿಂಗ್ಟನ್ ಅಂದರೇ ತಿಳಿಯುವುದು.) ಇನ್ನೊಂದು, ಭಾವನ ಅಸೆಂಬಲ್ಡ್ ಐ5-12400, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದು.

ಅಂಗೈಯಗಲದ ಆ ಮಿನಿಯಲ್ಲಿ ಅದೇ 4ಕೆ ಫೈಲು ಸಲೀಸಾಗಿ ಓಡಿತು! ಕಾರಣ ಪ್ರೊಸೆಸರಿನ ಬಲ ಅಲ್ಲ. ಈ ಮೊಬೈಲ್ ವಿಡಿಯೊಗಳು ಎಚ್.265ರಲ್ಲಿ, ಅಂದರೆ ಫೈಲನ್ನು ಚಿಕ್ಕದಾಗಿ ಮಡಚಿಡುವ ಒಂದು ವಿಧಾನದಲ್ಲಿ ಇವೆ. ಅದನ್ನು ಬಿಡಿಸುವ ಸರ್ಕ್ಯೂಟ್ ಎಂಟನೇ ತಲೆಮಾರಿನ ಐ5ರ ಗ್ರಾಫಿಕ್ಸ್ ಒಳಗೇ ಇದೆ. ನನ್ನ ಜಿಯಾನ್‌ಗೆ ಒಳಗಿನ ಗ್ರಾಫಿಕ್ಸೇ ಇಲ್ಲ, ಹಾಕಿದ್ದ ಕ್ವಾಡ್ರೊ ಕೆ2000 ಗ್ರಾಫಿಕ್ಸ್ ಕಾರ್ಡಿಗೆ ಎಚ್.265 ಗೊತ್ತೇ ಇಲ್ಲ. ಪಾಪ, ನಾಲ್ಕು ಕೋರ್‌ಗಳೇ ಎಲ್ಲವನ್ನೂ ಹೊರುತ್ತಿದ್ದವು.

ಹಾಗಾಗಿ ಝಡ್420ಗೆ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ಹಾಕಿದೆ. ಎಪ್ಪತ್ತೈದು ವ್ಯಾಟಿನ ಕಾರ್ಡ್, ಸ್ಲಾಟಿನಿಂದಲೇ ಕರೆಂಟ್ ತಗೊಳ್ಳುತ್ತದೆ. ಟೈಮ್‌ಲೈನ್ ನೇರವಾಯಿತು. ಒಂದು ಗಂಟೆಯ ಪ್ರಸಂಗದ ತುಣುಕನ್ನು ಎಕ್ಸ್‌ಪೋರ್ಟ್ ಮಾಡಲು ಮೊದಲು ಒಂದೂವರೆ ಗಂಟೆ ಹಿಡಿಯುತ್ತಿತ್ತು, ಈಗ ಕಾಲು ಗಂಟೆ ಸಾಕು. ಮಿನಿ ಇಲ್ಲಿ ಹಿಂದೆ ಬಿತ್ತು. ಎಕ್ಸ್‌ಪೋರ್ಟ್ ಶುರುವಾದ ಸ್ವಲ್ಪ ಹೊತ್ತಿಗೇ ಬಿಸಿಯಾಗಿ ವೇಗ ಇಳಿಸಿಕೊಂಡಿತು, ಫ್ಯಾನ್ ಸದ್ದಿಗೆ ಭಾಗವತರ ಸ್ವರ ಕೇಳದು. ಅದಕ್ಕೆ ಕಾರ್ಡ್ ಹಾಕೋಣ ಅಂದರೆ ಜಾಗವೇ ಇಲ್ಲ. ಟೈಪಿಂಗ್, ಬ್ಯಾಂಕ್ ಕೆಲಸಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯದು ಬೇಡ.

ಪ್ರೊಸೆಸರ್ ಬದಲಿಸುವವರು ಒಂದು ವಿಷಯ ಮೊದಲು ನೋಡಿ. ಬಯಾಸ್‌ನಲ್ಲಿ (ಕಂಪ್ಯೂಟರ್ ಏಳುವಾಗ ಮೊದಲು ಓಡುವ ತಂತ್ರಾಂಶ) ಬೂಟ್ ಬ್ಲಾಕ್ ತಾರೀಖು ಇರುತ್ತದೆ. ಅದು 2011ರದ್ದಾದರೆ ವಿ2 (ಎರಡನೇ ಆವೃತ್ತಿಯ) ಜಿಯಾನ್‌ಗಳು ನಡೆಯುವುದಿಲ್ಲ, ಬಯಾಸ್ ಅಪ್‌ಡೇಟ್ ಮಾಡಿದರೂ ಇಲ್ಲ. 2013ರದ್ದಾದರೆ ನಡೆಯುತ್ತವೆ. ನನ್ನದು 2013. ಆರು ಕೋರಿನ ಇ5-1650 ವಿ2 ಎರಡೂವರೆ ಸಾವಿರಕ್ಕೆ ಸಿಕ್ಕಿತು. ಬೇರೆಲ್ಲೂ ಉಪಯೋಗಕ್ಕೆ ಬಾರದ ಭಾಗ, ಆದರೂ ಆ ಬೆಲೆಗೆ ಬೇಸರ ಇಲ್ಲ.

ರ‍್ಯಾಮ್ ತರುವಾಗಲೂ ಹುಷಾರು. ಅಂಗಡಿಗಳಲ್ಲಿ ಸರ್ವರ್‌ನಿಂದ ಕಿತ್ತ ಡಿಡಿಆರ್3 ಕಡ್ಡಿಗಳು ಅಗ್ಗ. ಲೇಬಲ್ ಮೇಲೆ 12800 ಆದ ಮೇಲೆ ಬರುವ ಇಂಗ್ಲಿಷ್ ಅಕ್ಷರ ಓದಿ. 'ಇ' ಇದ್ದರೆ ಝಡ್420ಗೆ ಆಗುತ್ತದೆ, 'ಆರ್' ಇದ್ದರೆ ಆಗುವುದಿಲ್ಲ. 'ಸಬ್ ಚಲೇಗಾ' ಅನ್ನುವವರ ಮಾತು ನಂಬಬೇಡಿ. ಎಸ್‌ಎಸ್‌ಡಿ ಸಾಟಾದ್ದೇ ತಗೊಂಡೆ. ಅದಕ್ಕಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಅಡಾಪ್ಟರಿನಲ್ಲಿ ಹಾಕಿ ಫೈಲ್ ಇಡಬಹುದು, ಅದರಿಂದ ಬೂಟ್ ಮಾಡಲು ಆಗದು.

ಭಾವನ 12400 ಎಲ್ಲದರಲ್ಲೂ ಮುಂದೆ, ಅದರಲ್ಲಿ ವಾದವೇ ಇಲ್ಲ. ಕಾರ್ಡ್ ಇಲ್ಲದೆಯೂ 4ಕೆ ಓಡಿಸುತ್ತದೆ, ಸದ್ದು ಮಾಡುವುದಿಲ್ಲ. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ಪರಿ ನೋಡಿದರೆ ಈಗ ಅಂಥದ್ದೇ ಕಟ್ಟಿಸಲು ಕೈ ಬರುವುದಿಲ್ಲ. ನನಗೆ ಬೇಕಾದ 32 ಜಿಬಿ ಹಳೇ ಬಾಕ್ಸಿನಲ್ಲಿ ಆಗಲೇ ಕೂತಿದೆ, ಅಲ್ವಾ?

ಕರೆಂಟ್ ವಿಚಾರದಲ್ಲಿ ಮಾತ್ರ ಹಳೆಯದು ಹೊಟ್ಟೆಬಾಕ. ಮೀಟರ್ ಹಾಕಿ ನೋಡಿದೆ. ಸುಮ್ನೆ ಕೂತಾಗಲೂ ತೊಂಬತ್ತು ವ್ಯಾಟ್ ಹತ್ತಿರ. ಮಿನಿ ಹತ್ತು ಹನ್ನೆರಡು. ದಿನಕ್ಕೆ ಎಂಟು ಗಂಟೆ, ಯೂನಿಟ್‌ಗೆ ಹತ್ತು ರೂಪಾಯಿ ಅಂತ ಹಿಡಿದರೆ ವರ್ಷಕ್ಕೆ ಎರಡು ಸಾವಿರದ ಮುನ್ನೂರರಷ್ಟು ಜಾಸ್ತಿ. ದಿನವಿಡೀ ಆನ್ ಇಡುವವರಿಗೆ ಇದು ಮೂಗಿಗಿಂತ ಮೂಗುತಿ ಭಾರ. ನಾನು ಎಡಿಟಿಂಗ್ ಇದ್ದಾಗ ಮಾತ್ರ ಹಚ್ಚುತ್ತೇನೆ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಕ್ಕೆ ಮಾತ್ರ. ಝಡ್420ಗೆ ಅದನ್ನು ಹಾಕಲು ಅಡ್ಡದಾರಿಗಳು ಇವೆ, ನಾನು ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡೆ. ಬ್ಯಾಂಕಿನ ಕೆಲಸಕ್ಕೆ ಮಿನಿಯನ್ನು ಉಳಿಸಿಕೊಂಡಿದ್ದೇನೆ, ಅದನ್ನು ಈಗ ಮನೆಯವಳು ಬಿಟ್ಟುಕೊಡುತ್ತಿಲ್ಲ.

ಇನ್ನು ಹೆದರಿಕೆ ಇರುವುದು ಪವರ್ ಸಪ್ಲೈದು. ಇದರ ಕನೆಕ್ಟರ್‌ಗಳೇ ಬೇರೆ, ಅಂಗಡಿಯ ಸಾಮಾನ್ಯ ಎಟಿಎಕ್ಸ್ ಸಪ್ಲೈ ಹಾಗೇ ಹಿಡಿಸುವುದಿಲ್ಲ. ಅದೋ ಮದರ್‌ಬೋರ್ಡೋ ಸತ್ತರೆ ಹುಡುಕುತ್ತಾ ಕೂರುವುದಿಲ್ಲ. 1650 ಮತ್ತು ಎಸ್‌ಎಸ್‌ಡಿ ಬಿಚ್ಚಿಕೊಂಡು, ಭಾವನ ಹಾಗೆ ಒಂದು ಐ5 ಕಟ್ಟಿಸುತ್ತೇನೆ. ಅಷ್ಟರಲ್ಲಿ ರ‍್ಯಾಮ್ ಬೆಲೆ ಇಳಿದಿದ್ದರೆ ಒಳ್ಳೆಯದು.